ಕೈಗಡ ತಂದ ಉಪಗ್ರಹ

ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ, ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಅದು 1975ರ ಆಗಸ್ಟ್ 1. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ರಾಜಧಾನಿಯ ಮಕ್ಕಳು ಟಿ.ವಿ. ಹೇಗಿರುತ್ತದೆ ಎಂದು ಕೇಳಿ ತಿಳಿಯುತ್ತಿದ್ದ ಕಾಲದಲ್ಲಿ, ಹೈದರಾಬಾದ್ ಕರ್ನಾಟಕದ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಬೆಳಗಿನ ಹೊತ್ತು ಚಾಪೆಯ ಮೇಲೆ ಕೂತು, ನೇರವಾಗಿ ಉಪಗ್ರಹದಿಂದ ಇಳಿದು ಬರುತ್ತಿದ್ದ ಪಾಠ ನೋಡುತ್ತಿದ್ದರು. ಈ ಮಾತು ಹೇಳಿದಾಗ ನನ್ನ ಓರಗೆಯ ಬೆಂಗಳೂರಿನ ಗೆಳೆಯರು ನಂಬುವುದಿಲ್ಲ. ಕಲ್ಯಾಣ ಕರ್ನಾಟಕ ಎಂದರೆ ಎಲ್ಲವೂ ಕೊನೆಗೆ ತಲುಪುವ ಜಾಗ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಆ ಪ್ರಯೋಗದ ಹೆಸರು ಸೈಟ್. ಉಪಗ್ರಹದ ಮೂಲಕ ಟಿ.ವಿ. ಶಿಕ್ಷಣ ಕೊಡುವ ಈ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಉಪಗ್ರಹ ನಮ್ಮದಲ್ಲ, ಅಮೆರಿಕದ ನಾಸಾದ್ದು. ಹೆಸರು ಎಟಿಎಸ್-6. ವಿಕ್ರಮ್ ಸಾರಾಭಾಯಿ ಅವರ ಮುತುವರ್ಜಿಯಿಂದ 1969ರ ಸೆಪ್ಟೆಂಬರಿನಲ್ಲೇ ಇದಕ್ಕೆ ಒಪ್ಪಂದವಾಗಿತ್ತು. ಅದು ಜಾರಿಗೆ ಬರುವುದನ್ನು ನೋಡಲು ಅವರು ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಒಪ್ಪಂದದ ಪ್ರಕಾರ ಉಪಗ್ರಹವನ್ನು ಬಳಸಲು ಭಾರತ ಬಾಡಿಗೆ ಕೊಡಬೇಕಿರಲಿಲ್ಲ. ನೆಲದ ಮೇಲಿನ ಏರ್ಪಾಡು, ಕಾರ್ಯಕ್ರಮಗಳ ತಯಾರಿ, ಟಿ.ವಿ. ಸೆಟ್ಟುಗಳು ನಮ್ಮ ಪಾಲಿನವು. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್. ನಮ್ಮ ಮನೆಗಳಲ್ಲಿ ಬಡ್ಡಿಯಿಲ್ಲದೆ, ಪತ್ರವಿಲ್ಲದೆ ತರುವ ಸಾಲಕ್ಕೆ ಕೈಗಡ ಎನ್ನುತ್ತಾರೆ. ಪತ್ರ ಇತ್ತು ಎಂಬುದೊಂದನ್ನು ಬಿಟ್ಟರೆ ಇದೂ ಕೈಗಡವೇ.

ಕರ್ನಾಟಕದಲ್ಲಿ ಶೈಕ್ಷಣಿಕ ಪ್ರಸಾರದ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ಮೂರು ವರ್ಷಗಳಿಂದ ಈ ಕೈಗಡದ ಲೆಕ್ಕವನ್ನೇ ಓದುತ್ತಿದ್ದೇನೆ. ಓದಿದಷ್ಟೂ ನನಗೆ ಮುಖ್ಯವೆನಿಸಿದ ಪ್ರಶ್ನೆ ಒಂದೇ: ಪುಕ್ಕಟೆ ಸಿಕ್ಕಿದ್ದು ಏನು, ನಾವು ಕೈಯಿಂದ ಹಾಕಬೇಕಾಗಿದ್ದು ಏನು?

ಮೊದಲು ಯಂತ್ರದ ಮಾತು. ಎಟಿಎಸ್-6 ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಒಂಬತ್ತು ಮೀಟರಿಗೂ ಹೆಚ್ಚು ಅಗಲದ, ಛತ್ರಿಯಂತೆ ಬಿಚ್ಚಿಕೊಳ್ಳುವ ಆಂಟೆನಾ ಅದಕ್ಕಿತ್ತು. ಮೇಲಿನ ಆಂಟೆನಾ ಅಷ್ಟು ದೊಡ್ಡದಾಗಿದ್ದರಿಂದ ಕೆಳಗಿನದು ಚಿಕ್ಕದಾದರೂ ಸಾಕಿತ್ತು. ಹಳ್ಳಿಯ ಶಾಲೆಯ ಪಕ್ಕದಲ್ಲಿ ನಿಂತದ್ದು ಸುಮಾರು ಮೂರು ಮೀಟರ್ ಅಗಲದ, ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ತಟ್ಟೆ. ವಿದ್ಯುತ್ ಇಲ್ಲದ ಕೆಲವು ಊರುಗಳಲ್ಲಿ ಸೆಟ್ಟು ಬ್ಯಾಟರಿಯಿಂದ ನಡೆಯಿತು. ಬೆಳಗ್ಗೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಸುಮಾರು ಇಪ್ಪತ್ತೆರಡು ನಿಮಿಷ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಒಂದಿಷ್ಟು ಮನರಂಜನೆ.

ಯಂತ್ರಕ್ಕಿಂತ ಕಷ್ಟದ್ದು ಭಾಷೆ. ಒಂದೇ ಉಪಗ್ರಹ ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗಳ ಮಕ್ಕಳಿಗೆ ಪಾಠ ಮಾಡಬೇಕಿತ್ತು. ಒಂದು ಚಿತ್ರಕ್ಕೆ ಎರಡು ಧ್ವನಿ ಕಳಿಸುವ ಅನುಕೂಲ ಅದಕ್ಕಿತ್ತು. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳ ಜೊತೆಗೆ ಹೈದರಾಬಾದಿನ ಕೇಂದ್ರದಲ್ಲಿ ತಯಾರಾದವು. ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೋ ಮುಂಬಯಿಯ ತನ್ನ ಸ್ಟುಡಿಯೋದಲ್ಲಿ ಮಾಡಿಸಿತು. ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರು ಭೌತವಿಜ್ಞಾನಿ ಯಶ್ ಪಾಲ್. ಪಠ್ಯಪುಸ್ತಕವನ್ನು ತೆರೆಯ ಮೇಲೆ ಓದಿಸುವುದು ಈ ಕಾರ್ಯಕ್ರಮಗಳ ಉದ್ದೇಶವಾಗಿರಲಿಲ್ಲ. ಮಗು ತನ್ನ ಸುತ್ತಲಿನ ವಸ್ತುಗಳನ್ನು ನೋಡಿ, ಮುಟ್ಟಿ, ಪ್ರಶ್ನೆ ಕೇಳಬೇಕು ಎಂಬುದು ಆಶಯ.

ಆದರೆ ಪ್ರಶ್ನೆ ಕೇಳಿದರೆ ಟಿ.ವಿ. ಉತ್ತರ ಕೊಡುವುದಿಲ್ಲವಲ್ಲ. ಆ ಕೆಲಸಕ್ಕೆ ಮೇಷ್ಟ್ರು ಬೇಕು. ಸೈಟ್ ಇದನ್ನು ಮರೆತಿರಲಿಲ್ಲ. ಅದೇ ಉಪಗ್ರಹವನ್ನು ಬಳಸಿ ಪ್ರಾಥಮಿಕ ಶಾಲೆಯ ಸುಮಾರು 50 ಸಾವಿರ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತು. ಒಂದೊಂದು ತಂಡಕ್ಕೂ ಹನ್ನೆರಡು ದಿನ. ಟಿ.ವಿ. ಕಾರ್ಯಕ್ರಮ, ರೇಡಿಯೋ ಪಾಠ, ಮುದ್ರಿತ ಕೈಪಿಡಿ, ಜೊತೆಗೆ ಕೈಯಾರೆ ಮಾಡಿ ನೋಡುವ ಪ್ರಯೋಗ ಎಲ್ಲವೂ ಸೇರಿತ್ತು. ಸೈಟ್ ಎಂದರೆ ತಂತಿ ಬಲೆಯ ಆಂಟೆನಾ ಮುಂದೆ ಸೇರಿದ ಹಳ್ಳಿಗರ ಫೋಟೋ ಎಲ್ಲರಿಗೂ ನೆನಪಾಗುತ್ತದೆ. ಈ ಹನ್ನೆರಡು ದಿನಗಳ ನೆನಪು ಯಾರಿಗೂ ಇಲ್ಲ.

ವರ್ಷದ ಕೊನೆಯ ಲೆಕ್ಕ ಮಿಶ್ರವಾಗಿತ್ತು. ಟಿ.ವಿ. ನೋಡಿದ ಮಕ್ಕಳ ಭಾಷೆ ಬೆಳೆದದ್ದು, ಬೇರೆ ಬೇರೆ ಕಡೆಯಿಂದ ತಿಳಿದುಕೊಳ್ಳುವ ಆಸಕ್ತಿ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿತು. ಶಾಲೆಗೆ ಸೇರುವವರ ಸಂಖ್ಯೆಯಲ್ಲಾಗಲಿ, ನಡುವೆ ಬಿಡುವವರ ಸಂಖ್ಯೆಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಗುವನ್ನು ಹೊಲಕ್ಕೆ ಕಳಿಸುವ ಬಡತನಕ್ಕೆ ಉಪಗ್ರಹದಲ್ಲಿ ಮದ್ದಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಇನ್ನಷ್ಟು ದಿನ ಇರಲಿ ಎಂಬ ಕೋರಿಕೆ ಫಲಿಸಲಿಲ್ಲ. ಎಟಿಎಸ್-6 ಅಮೆರಿಕದ ಕಡೆಗೆ ಮರಳಿತು. ಗುಲ್ಬರ್ಗಾಕ್ಕೆ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು, ಅದರ ವ್ಯಾಪ್ತಿಯ ಹಳ್ಳಿಗಳಿಗೆ ಟಿ.ವಿ. ಮತ್ತೆ ಸಿಕ್ಕಿತು. ವ್ಯಾಪ್ತಿಗೆ ಸಿಗದ ಊರುಗಳಲ್ಲಿ ಸೆಟ್ಟು ಬರೀ ಪೆಟ್ಟಿಗೆಯಾಯಿತು.

ಕೈಗಡ ತೀರಿಸಿದ ಮೇಲೆ ಮನೆಯಲ್ಲಿ ಏನು ಉಳಿಯಿತು ಎಂದು ನೋಡಬೇಕು. ನನ್ನ ಲೆಕ್ಕದಲ್ಲಿ ಹಳ್ಳಿಯಲ್ಲಿ ಉಳಿದದ್ದು ಆ ಶಿಕ್ಷಕರು. ಉಪಗ್ರಹ ಹೋದ ಮೇಲೂ ಅವರು ತರಗತಿಯಲ್ಲಿದ್ದರು. ಇಸ್ರೋಗೆ ಉಳಿದದ್ದು ಅನುಭವ. ಮುಂದೆ ಇನ್ಸಾಟ್ ಸರಣಿಗೆ ಅದು ಅಡಿಪಾಯವಾಯಿತು. ಇಸ್ರೋದ ಹೆಸರು ಹೇಳಿದ ಮೇಲೆ ನಮ್ಮ ಪಶ್ಚಿಮ ಬೆಂಗಳೂರಿನ ಮಾತೂ ಹೇಳಬೇಕು. ಸೈಟ್ ಶುರುವಾಗುವ ಮೂರೂವರೆ ತಿಂಗಳ ಮೊದಲು, 1975ರ ಏಪ್ರಿಲ್ 19ರಂದು, ಆರ್ಯಭಟ ಕಕ್ಷೆ ಸೇರಿತ್ತು. ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ನಮ್ಮ ದೇಶದ ಆ ಮೊದಲ ಉಪಗ್ರಹ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಒಂದೇ ವರ್ಷದಲ್ಲಿ ಪೀಣ್ಯದಿಂದ ನಮ್ಮ ಉಪಗ್ರಹ ಮೇಲೆ ಹೋಯಿತು, ಬೇರೆಯವರ ಉಪಗ್ರಹದಿಂದ ರಾಯಚೂರಿಗೆ ಪಾಠ ಇಳಿಯಿತು.

ಮುಂದಿನ ಅಧ್ಯಾಯ ನನ್ನ ಮನೆಯ ಇನ್ನೂ ಹತ್ತಿರದಲ್ಲಿ ನಡೆಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಈ ಸಲ ಸಾಲವಲ್ಲ, ಸ್ವಂತದ್ದು. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆಯ್ದುಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಅಲ್ಲಿನ 800ಕ್ಕೂ ಹೆಚ್ಚು ಶಾಲೆಗಳಿಗೆ ಆಂಟೆನಾ, ಟಿ.ವಿ. ಬಂದವು. ಪಾಠದ ಹೊಣೆ ಬೆಂಗಳೂರಿನ ಡಿಎಸ್‌ಇಆರ್‌ಟಿಯದು. ನಾನಿರುವ ದೀಪಾಂಜಲಿ ನಗರದಿಂದ ನಾಯಂಡಹಳ್ಳಿ ದಾಟಿ ವರ್ತುಲ ರಸ್ತೆ ಹಿಡಿದರೆ ಬನಶಂಕರಿ ಮೂರನೇ ಹಂತದಲ್ಲಿ ಅದರ ಕಚೇರಿ ಸಿಗುತ್ತದೆ. ಈ ಸಲ ಕನ್ನಡಕ್ಕಾಗಿ ಹೈದರಾಬಾದಿನ ದಾರಿ ನೋಡಬೇಕಿರಲಿಲ್ಲ. ಆದರೆ ಎಜುಸ್ಯಾಟ್ ಆಯುಸ್ಸೂ 2010ರಲ್ಲಿ ಮುಗಿಯಿತು. ಸ್ವಂತದ್ದಾದರೂ ಉಪಗ್ರಹಕ್ಕೆ ಆಯುಸ್ಸು ಇದ್ದೇ ಇದೆ.

ಈಗ ಮೂರನೆಯ ಸುತ್ತು ನಡೆಯುತ್ತಿದೆ. ಇದಕ್ಕೆ ಒಪ್ಪಂದ ಬೇಕಿಲ್ಲ, ತಂತಿ ಬಲೆಯ ತಟ್ಟೆಯೂ ಬೇಕಿಲ್ಲ. ನಾಸಾದ ಬಹುಪಾಲು ಚಿತ್ರಗಳನ್ನು ಪಾಠಕ್ಕೆ ಯಾರು ಬೇಕಾದರೂ ಬಳಸಬಹುದು. ಚಂದ್ರಯಾನದ ಚಿತ್ರಗಳು, ಇಸ್ರೋದ ಭುವನ್ ನಕಾಶೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಊರಿನ ಮೇಲೆ ಎಷ್ಟು ಹೊತ್ತಿಗೆ ಹಾದು ಹೋಗುತ್ತದೆಂಬ ಮಾಹಿತಿ ಎಲ್ಲವೂ ಫೋನಿನಲ್ಲಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಅದನ್ನು ನಿಯಂತ್ರಿಸುತ್ತಿದ್ದದ್ದು ಮತ್ತೆ ಪೀಣ್ಯದಿಂದಲೇ. ಅದನ್ನು ನೋಡದ ಮಗು ನಮ್ಮ ಬೀದಿಯಲ್ಲಿಲ್ಲ.

ಎರಡು ವರ್ಷಗಳಿಂದ ಶನಿವಾರದ ಹೊತ್ತು ಇಲ್ಲೇ ಹತ್ತಿರದ ಒಂದು ಸರ್ಕಾರಿ ಶಾಲೆಯ ಐದನೇ ತರಗತಿಗೆ ಹೋಗುತ್ತೇನೆ. ಮೆಟ್ರೋ ಹಾದುಹೋದಾಗೆಲ್ಲ ಒಂದು ಕ್ಷಣ ಮಾತು ನಿಲ್ಲಿಸಬೇಕು. ತರಗತಿಯಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿದ್ದಾರೆ. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಅವರ ಊರು ಕೇಳಿದರೆ ಲಿಂಗಸುಗೂರು, ಶಹಾಪುರ, ಸುರಪುರ ಎನ್ನುತ್ತಾರೆ. ನನ್ನ ಪ್ರಬಂಧದ ಜಿಲ್ಲೆಗಳು ಮೈಸೂರು ರಸ್ತೆಯ ಬೆಂಚಿನ ಮೇಲೆ ಕೂತಿವೆ. ಅವರ ಅಜ್ಜ ಅಜ್ಜಿಯರ ಕಾಲದಲ್ಲಿ ಉಪಗ್ರಹ ಊರಿಗೆ ಬಂದಿತ್ತು. ಈಗ ಅವರೇ ಉಪಗ್ರಹ ಕಟ್ಟುವ ಊರಿಗೆ ಬಂದಿದ್ದಾರೆ.

ಒಂದು ಶನಿವಾರ ಚಂದ್ರನ ಮೇಲ್ಮೈಯ ಚಿತ್ರವನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಒಯ್ದಿದ್ದೆ. ಚಿತ್ರದ ಜೊತೆ ಬಂದ ವಿವರಣೆ ಇಂಗ್ಲಿಷಿನಲ್ಲಿತ್ತು. ಅದನ್ನು ಕತ್ತರಿಸಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿದ್ದೆ. ಮುಂದಿನ ಬೆಂಚಿನ ಹುಡುಗ ಕೇಳಿದ: "ಮಿಸ್, ಇಷ್ಟೊಂದು ಗುಂಡಿ ಯಾಕೆ ಯಾರೂ ಮುಚ್ಚಿಲ್ಲ?" ನಮ್ಮ ರಸ್ತೆಯನ್ನು ಬಲ್ಲ ತರಗತಿ ಗೊಳ್ಳೆಂದು ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಹಿಂದಿನಿಂದ ಸುರಪುರದ ಹುಡುಗಿಯ ದನಿ: "ಮಿಸ್, ಅಲ್ಲಿ ಮಳಿ ಬರಂಗಿಲ್ಲೇನ್ರಿ?"

ಇಡೀ ಪಾಠ ಆ ಪ್ರಶ್ನೆಯಲ್ಲಿತ್ತು. ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಹರಿಯುವ ನೀರಿಲ್ಲ. ಅದಕ್ಕೇ ಕೋಟ್ಯಂತರ ವರ್ಷಗಳ ಹಿಂದೆ ಬಿದ್ದ ಕಲ್ಲಿನ ಗುಂಡಿ ಇವತ್ತಿಗೂ ಹಾಗೇ ಇದೆ. ಭೂಮಿಗೂ ಕಲ್ಲು ಬಿದ್ದಿವೆ, ಮಹಾರಾಷ್ಟ್ರದ ಲೋಣಾರ್ ಸರೋವರ ಅಂಥದ್ದೇ. ಆದರೆ ನಮ್ಮಲ್ಲಿ ಮಳೆ ನೀರು ಬಹುಪಾಲು ಗುರುತುಗಳನ್ನು ಅಳಿಸಿಹಾಕಿದೆ. ಬಿಸಿಯೂಟದ ತಟ್ಟೆಯೊಂದರಲ್ಲಿ ರಾಗಿ ಹಿಟ್ಟು ಹರಡಿ ಕಲ್ಲು ಬೀಳಿಸಿ ನೋಡಿದೆವು. ಒಂದೇ ಕಲ್ಲನ್ನು ಎತ್ತರದಿಂದ ಬಿಟ್ಟರೆ ಗುಂಡಿ ಅಗಲವಾಯಿತು. ಆಮೇಲೆ ಮೇಲಿಂದ ನೀರು ಚಿಮುಕಿಸಿದೆವು. ಗುಂಡಿಯ ಅಂಚು ಕುಸಿಯಿತು. ಮಳೆ ಕೇಳಿದ ಹುಡುಗಿಯೇ ನೀರು ಹಾಕಿದಳು.

ಆ ಚಿತ್ರ ಪುಕ್ಕಟೆ, ಪ್ರಿಂಟಿಗೆ ಕೆಲವು ರೂಪಾಯಿ. ಉಳಿದದ್ದು ಮೂರು: ನಾಲ್ಕು ಸಾಲು ಕನ್ನಡ, ಒಂದು ತಟ್ಟೆ ಹಿಟ್ಟು, ಪ್ರಶ್ನೆಗೆ ಕಾಯುವಷ್ಟು ಹೊತ್ತು. ನಾನು ವಾರಕ್ಕೊಮ್ಮೆ ಬಂದು ಹೋಗುವವಳು, ನನಗೆ ಹೊತ್ತಿದೆ. ಅದೇ ತರಗತಿಯ ಟೀಚರ್ ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಆ್ಯಪಿನಲ್ಲಿ ಹಾಜರಾತಿ ತುಂಬಬೇಕು. ಇಂಗ್ಲಿಷ್ ವಿವರಣೆಯನ್ನು ಕನ್ನಡಕ್ಕೆ ತರಲು ಅವರಿಗೆ ರಾತ್ರಿ ಮಾತ್ರ ಉಳಿಯುತ್ತದೆ. ಎಲ್ಲವೂ ಅಂತರ್ಜಾಲದಲ್ಲಿ ಪುಕ್ಕಟೆ ಇದೆಯಲ್ಲ, ಶಿಕ್ಷಕರು ಬಳಸಬಾರದೇ ಎಂದು ಹೇಳುವವರು ಈ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೈಟ್ ಹಿಡಿದಿತ್ತು. ಶಿಕ್ಷಕರಿಗೆಂದು ಹನ್ನೆರಡು ದಿನ ತೆಗೆದಿಟ್ಟಿತ್ತು, ಕೈಪಿಡಿ ಅಚ್ಚು ಹಾಕಿಸಿತ್ತು. ಐವತ್ತು ವರ್ಷಗಳ ಹಿಂದೆ, ತಂತಿ ಬಲೆಯ ಕಾಲದಲ್ಲಿ ಅದು ಸಾಧ್ಯವಾಗಿದ್ದರೆ ಈಗ ಏಕಾಗಬಾರದು? ಕನ್ನಡ ವಿವರಣೆ ಇರುವ ಐವತ್ತು ಚಿತ್ರಗಳು, ಒಂದೊಂದಕ್ಕೂ ಹಿಟ್ಟು ನೀರಿನಲ್ಲಿ ಮಾಡಬಹುದಾದ ಒಂದು ಪ್ರಯೋಗ, ಅದನ್ನು ಕಲಿತು ಚರ್ಚಿಸಲು ಶಿಕ್ಷಕರಿಗೆ ಬೇರೆ ಕೆಲಸವಿಲ್ಲದ ಕೆಲವು ದಿನ. ಇಷ್ಟಕ್ಕೆ ಹೊಸ ಉಪಗ್ರಹ ಬೇಕಿಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಮತ್ತೆ ಆಗಸ್ಟ್ ನಡುವೆ ಒಂದು ದಿನ ಬೆಂಗಳೂರಿನಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳು ಬೀಳುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಆಗಸ್ಟಿನ ದಿನಕ್ಕೆ ಟೀಚರ್ ಮತ್ತು ನಾನು ಅಂಗಳದಲ್ಲಿ ಕೋಲು ನೆಡುವುದೆಂದು ಮಾತಾಡಿಕೊಂಡಿದ್ದೇವೆ. ಆ ಹೊತ್ತಿಗೆ ಸುರಪುರಕ್ಕೆ ಫೋನ್ ಮಾಡಿ, ಅಲ್ಲಿನ ಕೋಲಿನ ನೆರಳು ಎಷ್ಟುದ್ದ ಇದೆಯೆಂದು ಅಜ್ಜನನ್ನು ಕೇಳುವ ಹೊಣೆಯನ್ನು ಆ ಹುಡುಗಿ ವಹಿಸಿಕೊಂಡಿದ್ದಾಳೆ.