ಧನುರ್ಮಾಸ ನೋಡದ ಮನೆ ಬದಲಾವಣೆ

ಊರಲ್ಲಿ ಧನುರ್ಮಾಸ ಬಂತೆಂದರೆ ಮನೆ ಬದಲಿಸುವುದನ್ನು ಮುಂದಕ್ಕೆ ಹಾಕುತ್ತಾರೆ. ಮುಂಬಯಿಯ ಜೋಪಡಿಯವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಧಾರಾವಿಯಲ್ಲಿ ಇಷ್ಟು ವರ್ಷ ಕಳೆದ ನಾನು ಕಂಡಂತೆ, ಇಲ್ಲಿ ಮಳೆಗಾಲವೇ ರಕ್ಷೆ, ಹೆದರಿಕೆಯೆಲ್ಲ ಚಳಿಗಾಲದ್ದು.

ಇದಕ್ಕೊಂದು ಇತಿಹಾಸವಿದೆ. 1981ರ ಜುಲೈಯಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಫುಟ್‌ಪಾತ್ ವಾಸಿಗಳನ್ನು ಅವರವರ ಊರಿಗೆ ಕಳಿಸಲು ಹೊರಟರು. ಮಳೆಗಾಲದಲ್ಲೇ ಜನರನ್ನು ಬಸ್ಸಿಗೆ ತುಂಬಿದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ತೀರ್ಪು ಬಂತು: ಹೊಟ್ಟೆಪಾಡೂ ಬದುಕುವ ಹಕ್ಕಿನ ಭಾಗವೇ, ಆದರೆ ಫುಟ್‌ಪಾತ್ ಮೇಲೆ ಮನೆ ಕಟ್ಟುವ ಹಕ್ಕಿಲ್ಲ. ಮಳೆಗಾಲ ಮುಗಿದು ತಿಂಗಳಾಗುವ ತನಕ, ಅಂದರೆ ಆ ಅಕ್ಟೋಬರ್ 31ರವರೆಗೆ, ಜೋಪಡಿ ತೆಗೆಯುವಂತಿರಲಿಲ್ಲ.

ಮಳೆಯ ನಂತರ? 2004ರ ಡಿಸೆಂಬರಿನಿಂದ ಕೆಲವೇ ವಾರಗಳಲ್ಲಿ ನಗರದ ಸುಮಾರು 80,000 ಜೋಪಡಿಗಳು ನೆಲಸಮವಾದವು. ಶಾಲೆಯ ವರ್ಷ ಇನ್ನೂ ಮುಗಿದಿರಲಿಲ್ಲ.

ಈಗ ಧಾರಾವಿಗೇ ಪುನರಾಭಿವೃದ್ಧಿಯ ಸರದಿ. ಇಲ್ಲೇ ಉಚಿತ ಮನೆ ಸಿಗಬೇಕಾದರೆ 2000ದ ಜನವರಿ 1ಕ್ಕಿಂತ ಹಿಂದಿನ ದಾಖಲೆ ಬೇಕು. ಅದಕ್ಕೇ ನಮ್ಮವರಿಗೆ ಹೇಳುವುದಿಷ್ಟೇ: ಗಂಟು ಕಟ್ಟುವಾಗ ಪಾತ್ರೆ ಸಾಮಾನು ಹಿಂದಾದರೂ ಸರಿ, ಹಳೇ ರೇಶನ್ ಕಾರ್ಡು, ಲೈಟ್ ಬಿಲ್ಲು ಮೊದಲು ಕೈಚೀಲಕ್ಕೆ ಹಾಕಿಕೊಳ್ಳಿ.