‘ಚೆನ್ನಾಗಿಲ್ಲ’ ಎಂದ ಹೆಂಡತಿ: ಸ್ಟಾರ್ ವಾರ್ಸ್ ಮನೆಯ ಜಗಳದ ಇತಿಹಾಸ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ನಮಗೆಲ್ಲ ಗೊತ್ತು. ಸಿನಿಮಾ ವಿಷಯದ ಜಗಳಕ್ಕೆ ಅಷ್ಟು ಆಯಸ್ಸೂ ಇರುವುದಿಲ್ಲ. ಟಾಕೀಸಿನಿಂದ ಬಸ್ ಸ್ಟ್ಯಾಂಡಿಗೆ ನಡೆದು ಬರುವಷ್ಟರಲ್ಲಿ ಒಬ್ಬರು ‘ಎಷ್ಟು ಚೆನ್ನಾಗಿ ತೆಗೆದಿದ್ದಾರೆ’ ಎನ್ನುತ್ತಾರೆ, ಇನ್ನೊಬ್ಬರು ‘ತಲೆಬುಡ ಇಲ್ಲ’ ಎನ್ನುತ್ತಾರೆ. ಬಸ್ ಬರುತ್ತದೆ, ಮಾತು ಮುಗಿಯುತ್ತದೆ. ಅವರಿಬ್ಬರ ಅಭಿಪ್ರಾಯದಿಂದ ಆ ಸಿನಿಮಾಕ್ಕೆ ಏನೂ ಆಗುವುದಿಲ್ಲ.

ಆದರೆ ಅಮೆರಿಕದ ಒಂದು ಮನೆಯಲ್ಲಿ ಈ ಜಗಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅಲ್ಲಿ ಗಂಡ ಸಿನಿಮಾ ಮಾಡುತ್ತಿದ್ದರು, ಹೆಂಡತಿ ಅದನ್ನು ಕತ್ತರಿಸಿ ಜೋಡಿಸುತ್ತಿದ್ದರು. ಚೆನ್ನಾಗಿಲ್ಲ ಅನಿಸಿದ್ದನ್ನು ಮುಖಕ್ಕೇ ಹೇಳುತ್ತಿದ್ದರು. ಆ ಗಂಡ ಜಾರ್ಜ್ ಲೂಕಸ್, ಹೆಂಡತಿ ಮಾರ್ಷಿಯಾ ಲೂಕಸ್. ಸಿನಿಮಾ ‘ಸ್ಟಾರ್ ವಾರ್ಸ್’. ಜಗತ್ತಿನ ಅತಿ ಜನಪ್ರಿಯ ಕಲ್ಪನಾಲೋಕದ ಕತೆಗಳಲ್ಲಿ ಒಂದಾದ ಅದರ ಇತಿಹಾಸವನ್ನು ನಾವು ಇಲ್ಲಿ ಅವರ ಮನೆಯ ಒಳಗಿನಿಂದ ನೋಡಲು ಹೊರಟಿದ್ದೇವೆ.

ಜಾರ್ಜ್ ಹುಟ್ಟಿದ್ದು 1944ರಲ್ಲಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ. ಅದು ಸುತ್ತ ಹೊಲ, ತೋಟಗಳಿರುವ ಊರು. ಅಪ್ಪನದು ಸ್ಟೇಷನರಿ ಅಂಗಡಿ. ಮುಂದೆ ಕುಟುಂಬ ಊರ ಹೊರಗಿನ ಅಕ್ರೋಟು ತೋಟಕ್ಕೆ ಹೋಗಿ ನೆಲೆಸಿತು. ಮಾರ್ಷಿಯಾ ಗ್ರಿಫಿನ್ ಕೂಡ ಮೊಡೆಸ್ಟೊದಲ್ಲೇ 1945ರಲ್ಲಿ ಹುಟ್ಟಿದವರು. ಆದರೆ ಬೆಳೆದದ್ದು ಲಾಸ್ ಏಂಜಲೀಸ್ ಕಡೆ, ತಾಯಿಯ ಆಸರೆಯಲ್ಲಿ. ಫಿಲ್ಮ್ ಲೈಬ್ರರಿಯೊಂದರ ಸಣ್ಣ ಕೆಲಸದಿಂದ ಶುರುಮಾಡಿ ಎಡಿಟಿಂಗ್ ಕಲಿತವರು. ಹಿರಿಯ ಎಡಿಟರ್ ವರ್ನಾ ಫೀಲ್ಡ್ಸ್ ಅವರ ಎಡಿಟಿಂಗ್ ಕೋಣೆಯಲ್ಲಿ ಸರ್ಕಾರಿ ಸಾಕ್ಷ್ಯಚಿತ್ರವೊಂದರ ಕೆಲಸಕ್ಕೆ ಇಬ್ಬರೂ ಸೇರಿದಾಗ ಪರಿಚಯವಾಯಿತು. 1969ರ ಫೆಬ್ರವರಿಯಲ್ಲಿ ಮದುವೆಯಾದರು. ಆ ಹೊತ್ತಿಗೆ ಜಾರ್ಜ್ ಸಿನಿಮಾ ಶಾಲೆಯಿಂದ ಹೊರಬಿದ್ದ ಹುಡುಗ, ಮಾರ್ಷಿಯಾ ದುಡಿದು ತಿನ್ನುವ ಕಸುಬುದಾರೆ.

ಎಡಿಟಿಂಗ್ ಎಂದರೇನು ಎಂಬುದನ್ನು ನಮ್ಮಂಥ ಪತ್ರಿಕೋದ್ಯಮದವರಿಗೆ ವಿವರಿಸುವುದು ಸುಲಭ. ವರದಿಗಾರ ಹತ್ತು ಪುಟ ಬರೆದು ತರುತ್ತಾನೆ. ಡೆಸ್ಕಿನಲ್ಲಿ ಕುಳಿತವರು ಅದರಲ್ಲಿ ಸುದ್ದಿ ಎಲ್ಲಿದೆ ಎಂದು ಹುಡುಕಿ, ಆರನೇ ಪ್ಯಾರಾವನ್ನು ಮೊದಲಿಗೆ ತಂದು, ಉಳಿದದ್ದನ್ನು ಕತ್ತರಿಸುತ್ತಾರೆ. ಹೆಸರು ಬರುವುದು ವರದಿಗಾರನದು. ಅಂದಿನ ಸಿನಿಮಾದಲ್ಲಿ ಈ ಕೆಲಸ ಅಕ್ಷರಶಃ ಕತ್ತರಿ ಹಿಡಿದು ಮಾಡುವಂಥದ್ದು. ಫಿಲ್ಮನ್ನು ಕತ್ತರಿಸಬೇಕು, ಟೇಪು ಹಚ್ಚಿ ಜೋಡಿಸಬೇಕು, ಓಡಿಸಿ ನೋಡಬೇಕು, ಮತ್ತೆ ಬಿಚ್ಚಬೇಕು.

ಮೊದಲ ಭಿನ್ನಾಭಿಪ್ರಾಯ ಬಂದದ್ದು 1971ರಲ್ಲಿ ಬಿಡುಗಡೆಯಾದ ‘ಟಿಎಚ್‌ಎಕ್ಸ್ 1138’ ಬಗ್ಗೆ. ಅದು ಜಾರ್ಜ್ ಅವರ ಮೊದಲ ದೊಡ್ಡ ಚಿತ್ರ. ಮನುಷ್ಯರಿಗೆ ಹೆಸರಿಲ್ಲದ, ನಂಬರ್ ಮಾತ್ರ ಇರುವ ಮುಂದಿನ ಕಾಲದ ಕತೆ. ಮಾರ್ಷಿಯಾಗೆ ಅದು ಹಿಡಿಸಲಿಲ್ಲ. ಸಿನಿಮಾ ತಣ್ಣಗಿದೆ, ನೋಡುವವರ ಎದೆಗೆ ತಾಗುವುದಿಲ್ಲ ಎಂಬುದು ಅವರ ತಕರಾರು. ಜನರನ್ನು ಅಳಿಸುವುದೇನು ಮಹಾ, ಒಂದು ಬೆಕ್ಕಿನ ಮರಿಯ ಕತ್ತು ಹಿಸುಕಿ ತೋರಿಸಿದರೆ ಯಾರಾದರೂ ಕರಗುತ್ತಾರೆ ಎಂಬರ್ಥದ ಮಾತು ಜಾರ್ಜ್ ಅವರದು. ಭಾವನೆ ಎಂದರೆ ಅಗ್ಗದ ತಂತ್ರ ಎಂದು ಒಬ್ಬರು, ಭಾವನೆ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಬೆಡಗು ಎಂದು ಇನ್ನೊಬ್ಬರು. ಆಮೇಲಿನ ಜಗಳಗಳೆಲ್ಲ ಈ ಒಂದೇ ಬೇರಿನವು.

ಸಿನಿಮಾ ಸೋತಿತು. 1973ರ ಮುಂದಿನ ಚಿತ್ರ ‘ಅಮೆರಿಕನ್ ಗ್ರಫಿಟಿ’ಯಲ್ಲಿ ಜಾರ್ಜ್ ತಮ್ಮದೇ ಊರು ಮೊಡೆಸ್ಟೊದ ಹುಡುಗರ ಒಂದು ರಾತ್ರಿಯ ಕತೆ ಹೇಳಿದರು. ನಗು ಇತ್ತು, ಊರು ಬಿಡುವ ಸಂಕಟ ಇತ್ತು. ವರ್ನಾ ಫೀಲ್ಡ್ಸ್ ಜೊತೆ ಮಾರ್ಷಿಯಾ ಅದನ್ನು ಸಂಕಲನ ಮಾಡಿದರು, ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಕಡಿಮೆ ಖರ್ಚಿನ ಆ ಚಿತ್ರ ದೊಡ್ಡ ದುಡ್ಡು ತಂದಿತು. ಆ ಗೆಲುವು ಬೆನ್ನಿಗಿದ್ದುದರಿಂದಲೇ ಜಾರ್ಜ್ ತಾವು ಕನಸು ಕಂಡಿದ್ದ ‘ಸ್ಟಾರ್ ವಾರ್ಸ್’ಗೆ ಕೈಹಾಕಲು ಸಾಧ್ಯವಾಯಿತು.

ಸ್ಟಾರ್ ವಾರ್ಸನ್ನು ವಿಜ್ಞಾನದ ಸಿನಿಮಾ ಎನ್ನುವವರಿದ್ದಾರೆ. ನೋಡಿದವರಿಗೆ ಗೊತ್ತು, ಅದು ಅಜ್ಜಿ ಕತೆ. ಸೆರೆಸಿಕ್ಕ ರಾಜಕುಮಾರಿ, ಹಳ್ಳಿಯಲ್ಲಿ ಬೆಳೆದ ಅನಾಥ ಹುಡುಗ, ವಿದ್ಯೆ ಕಲಿಸುವ ಮುದುಕ ಗುರು, ಕಪ್ಪು ಮುಖವಾಡದ ಖಳ, ಬೆಳಕಿನ ಕತ್ತಿ. ಹುಡುಗನಾಗಿದ್ದಾಗ ನೋಡಿದ ‘ಫ್ಲಾಶ್ ಗಾರ್ಡನ್’ ಸರಣಿಯನ್ನು ಹೊಸದಾಗಿ ತೆಗೆಯಬೇಕೆಂದು ಜಾರ್ಜ್ ಹೊರಟಿದ್ದರು. ಅದರ ಹಕ್ಕು ಸಿಗದೆ ತಮ್ಮದೇ ಲೋಕ ಕಟ್ಟಿದರು. ಇದೇ ಹೊತ್ತಿಗೆ ಮಾರ್ಷಿಯಾ ಬೇರೆ ದಾರಿಯಲ್ಲಿದ್ದರು. ಮಾರ್ಟಿನ್ ಸ್ಕಾರ್ಸೇಸಿ ಅವರ ‘ಆಲಿಸ್ ಡಸಂಟ್ ಲಿವ್ ಹಿಯರ್ ಎನಿಮೋರ್’ (1974), ‘ಟ್ಯಾಕ್ಸಿ ಡ್ರೈವರ್’ (1976) ಚಿತ್ರಗಳ ಎಡಿಟಿಂಗ್ ಅವರದು. ದೊಡ್ಡವರ, ನಿಜ ಬದುಕಿನ ಸಿನಿಮಾಗಳು. ಆ ಮೇಜಿನಿಂದ ಎದ್ದು ಬಂದವರಿಗೆ ರೋಬೊ, ರಾಕೆಟ್ಟುಗಳ ಕತೆ ಮಕ್ಕಳಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೂ ಅವರು ಕತೆಯನ್ನು ಬಿಟ್ಟುಕೊಡಲಿಲ್ಲ. ಚಿತ್ರಕತೆಯಲ್ಲಿ ಮುದುಕ ಗುರು ಓಬಿ-ವಾನ್ ಕೊನೆಯ ತನಕ ಬದುಕಿರುತ್ತಿದ್ದ. ಆದರೆ ಖಳನ ಜೊತೆಗಿನ ಕಾಳಗದ ನಂತರ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ. ಅವನನ್ನು ಅಲ್ಲೇ ಸಾಯಿಸಬೇಕೆಂಬ ಸಲಹೆ ಮಾರ್ಷಿಯಾ ಅವರದು ಎಂದು ಜಾರ್ಜ್ 1977ರಲ್ಲೇ ಸಂದರ್ಶನದಲ್ಲಿ ಹೇಳಿದ್ದಾರೆ. ಇಂದು ಆ ಸಾವಿಲ್ಲದ ಸ್ಟಾರ್ ವಾರ್ಸನ್ನು ಊಹಿಸಿಕೊಳ್ಳುವುದೂ ಕಷ್ಟ.

1976ರಲ್ಲಿ ಚಿತ್ರೀಕರಣ ಮುಗಿದಾಗ ಸಿನಿಮಾ ಹದಗೆಟ್ಟ ಸ್ಥಿತಿಯಲ್ಲಿತ್ತು. ಇಂಗ್ಲೆಂಡಿನ ಎಡಿಟರ್ ಮಾಡಿದ ಮೊದಲ ಜೋಡಣೆ ಜಾರ್ಜ್‌ಗೆ ಒಪ್ಪಿಗೆಯಾಗದೆ ಅವರನ್ನು ಬಿಡಿಸಿದರು. ಮಾರ್ಷಿಯಾ, ರಿಚರ್ಡ್ ಚ್ಯೂ, ಪಾಲ್ ಹರ್ಷ್ ಮೂವರೂ ಸೇರಿ ಹೊಸದಾಗಿ ಕೂತರು. ಮಾರ್ಷಿಯಾ ಪಾಲಿಗೆ ಬಂದದ್ದು ಕೊನೆಯ ವಿಮಾನ ಕಾಳಗ. ಪೈಲಟ್‌ಗಳು ಮಾತಾಡುವ ದೃಶ್ಯಗಳೇ ಸುಮಾರು 40,000 ಅಡಿ ಇದ್ದವಂತೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಅಂದರೆ ಏಳು ಗಂಟೆಗೂ ಹೆಚ್ಚು ಹೊತ್ತಿನ ಫಿಲ್ಮಿನಿಂದ ಕೆಲವೇ ನಿಮಿಷಗಳನ್ನು ಹೆಕ್ಕಬೇಕು. ಅದಕ್ಕೆ ಎರಡು ತಿಂಗಳೇ ಹಿಡಿಯಿತು. ಚಿತ್ರಕತೆಯಲ್ಲಿ ನಾಯಕ ಎರಡು ಸಲ ಗುರಿಯತ್ತ ನುಗ್ಗುತ್ತಾನೆ, ಮೊದಲ ಸಲ ತಪ್ಪುತ್ತದೆ. ಸಂಕಲನದಲ್ಲಿ ಅದು ಒಂದೇ ನುಗ್ಗಾಟವಾಯಿತು. ಕೊನೆ ಗಳಿಗೆಯಲ್ಲಿ ಗೆಳೆಯ ಹಾನ್ ಸೋಲೊ ಹಡಗು ತಂದು ಕಾಪಾಡಿದಾಗ ಜನ ಎದ್ದು ಕೂಗದಿದ್ದರೆ ಈ ಸಿನಿಮಾ ನಿಲ್ಲುವುದಿಲ್ಲ ಎಂದು ಮಾರ್ಷಿಯಾ ಗಂಡನಿಗೆ ಎಚ್ಚರಿಕೆ ಕೊಟ್ಟಿದ್ದರು. ಅವರ ಅಳತೆಗೋಲು ಅದೊಂದೇ: ಕುರ್ಚಿಯಲ್ಲಿ ಕೂತವರಿಗೆ ಏನಾಗುತ್ತದೆ?

1977ರ ಆರಂಭದಲ್ಲಿ ಜಾರ್ಜ್ ಗೆಳೆಯರನ್ನು ಕರೆದು ಅರ್ಧಂಬರ್ಧ ಸಿನಿಮಾ ತೋರಿಸಿದರು. ಸ್ಟೀವನ್ ಸ್ಪೀಲ್‌ಬರ್ಗ್, ಬ್ರಯನ್ ಡಿ ಪಾಲ್ಮ ಮೊದಲಾದವರು ಬಂದಿದ್ದರು. ಹಿನ್ನೆಲೆ ಸಂಗೀತ ಇರಲಿಲ್ಲ. ಗ್ರಾಫಿಕ್ಸ್ ಮುಗಿಯದ ಕಡೆ ಎರಡನೇ ಮಹಾಯುದ್ಧದ ವಿಮಾನಗಳ ಹಳೆಯ ದೃಶ್ಯ ಅಂಟಿಸಿದ್ದರು. ಡಿ ಪಾಲ್ಮ ಗೇಲಿ ಮಾಡಿದರು. ಸ್ಪೀಲ್‌ಬರ್ಗ್ ಇದು ಗೆಲ್ಲುತ್ತದೆ ಎಂದರು. ಮಾರ್ಷಿಯಾ ಅತ್ತರು. ಎರಡು ವರ್ಷದ ಹಿಂದೆ ನೆಲಕಚ್ಚಿದ್ದ ಸಂಗೀತಮಯ ಚಿತ್ರ ‘ಅಟ್ ಲಾಂಗ್ ಲಾಸ್ಟ್ ಲವ್’ ಜೊತೆ ಇದನ್ನು ಹೋಲಿಸಿ, ಕೆಟ್ಟದಾಗಿದೆ ಎಂದರು ಎಂಬುದು ಅಲ್ಲಿದ್ದವರ ನೆನಪು.

ಈ ರಾತ್ರಿಯ ಕತೆ ನಮಗೆ ತಲುಪಿರುವುದು ಅತಿಥಿಗಳ ನೆನಪಿನಿಂದ, ಎಷ್ಟೋ ವರ್ಷಗಳ ಬಳಿಕ. ಆದ್ದರಿಂದ ಯಾರು ಯಾವ ಪದ ಬಳಸಿದರು ಎಂಬುದಕ್ಕೆ ಜೋತುಬೀಳುವುದು ಬೇಡ. ಅದನ್ನು ಬಿಟ್ಟರೂ ಒಂದು ಮಾತು ಉಳಿಯುತ್ತದೆ: ತೀರ್ಪಿನಲ್ಲಿ ಮಾರ್ಷಿಯಾ ಸೋತರು. ಸಂಗೀತವೂ ವಿಶೇಷ ದೃಶ್ಯಗಳೂ ಸೇರಿದಾಗ ಸಿನಿಮಾ ಏನಾಗುತ್ತದೆ ಎಂಬುದನ್ನು ಜಾರ್ಜ್ ಕಣ್ಣು ಮೊದಲೇ ಕಂಡಿತ್ತು. ಆದರೆ ಸಿನಿಮಾ ಕೆಟ್ಟದಾಗಬಹುದು ಎಂಬ ಭಯ ಮನೆಯಲ್ಲೇ ಒಬ್ಬರಿಗೆ ಇದ್ದದ್ದರಿಂದ ಕಾಳಗದ ಒಂದೊಂದು ತುಂಡನ್ನೂ ಅಷ್ಟು ಕಾಲ ಅಳೆದು ನೋಡಲಾಗಿತ್ತು. ತೀರ್ಪು ತಪ್ಪಿದರೂ ಅವರ ಪ್ರಶ್ನೆ ಸರಿಯಾಗಿತ್ತು.

ಅಷ್ಟರಲ್ಲಿ ಸ್ಕಾರ್ಸೇಸಿ ಅವರ ‘ನ್ಯೂಯಾರ್ಕ್, ನ್ಯೂಯಾರ್ಕ್’ ಚಿತ್ರದ ಎಡಿಟರ್ ತೀರಿಕೊಂಡಿದ್ದರು. ಮಾರ್ಷಿಯಾ ಆ ಕೆಲಸಕ್ಕೆ ಹೋದರು. ಹೆಂಡತಿ ಹಗಲು ಒಂದು ಸಿನಿಮಾ, ಗಂಡ ರಾತ್ರಿ ಇನ್ನೊಂದು ಸಿನಿಮಾ. 1977ರ ಮೇ 25ರಂದು ಇಬ್ಬರೂ ಬಿಡುವು ಮಾಡಿಕೊಂಡು ಹಾಲಿವುಡ್‌ನ ಒಂದು ಹೋಟೆಲಿಗೆ ಊಟಕ್ಕೆ ಹೋದರು. ಎದುರಿನ ಚೈನೀಸ್ ಥಿಯೇಟರ್ ಮುಂದೆ ಜನಜಂಗುಳಿ. ಯಾವ ಸಿನಿಮಾ ಎಂದು ನೋಡಿದರೆ ತಮ್ಮದೇ. ಅಂದು ಬಿಡುಗಡೆ ಎಂಬುದನ್ನೇ ಕೆಲಸದ ಭರದಲ್ಲಿ ಮರೆತಿದ್ದರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಸ್ಟಾರ್ ವಾರ್ಸ್ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ‘ಜಾಸ್’ ದಾಖಲೆ ಮುರಿಯಿತು. ಮಾರ್ಷಿಯಾ ಹೆಚ್ಚು ಗೌರವಿಸಿದ್ದ ಸ್ಕಾರ್ಸೇಸಿ ಚಿತ್ರ ಮುಂದಿನ ತಿಂಗಳು ಬಂದು ಸೋತಿತು. ಜನಪ್ರಿಯವಾದದ್ದೆಲ್ಲ ಒಳ್ಳೆಯದೇ, ಸೋತದ್ದೆಲ್ಲ ಕೆಟ್ಟದ್ದೇ ಎಂಬ ಹಳೆಯ ಪ್ರಶ್ನೆ ಆ ಬೇಸಿಗೆಯಲ್ಲಿ ಒಂದೇ ಮನೆಯ ಊಟದ ಮೇಜಿನ ಎರಡು ಬದಿಗೆ ಕೂತಿತ್ತು. 1978ರ ಆಸ್ಕರ್ ಸಮಾರಂಭದಲ್ಲಿ ನಿರ್ದೇಶನದ ಪ್ರಶಸ್ತಿ ಜಾರ್ಜ್‌ಗೆ ಸಿಗಲಿಲ್ಲ, ಅದು ವುಡಿ ಆಲನ್ ಪಾಲಾಯಿತು. ಸಂಕಲನದ ಪ್ರಶಸ್ತಿ ಮಾರ್ಷಿಯಾ, ಹರ್ಷ್, ಚ್ಯೂ ಮೂವರಿಗೆ ಬಂತು. ಚೆನ್ನಾಗಿಲ್ಲ ಎಂದು ಅತ್ತವರೇ ಆ ಸಿನಿಮಾವನ್ನು ಚೆನ್ನಾಗಿಸಿದ್ದಕ್ಕೆ ಪ್ರಶಸ್ತಿ ಪಡೆದರು.

ತಕರಾರು ಅಲ್ಲಿಗೇ ನಿಲ್ಲಲಿಲ್ಲ. ಜಾರ್ಜ್ ಕತೆಯನ್ನು ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ (1981) ಸಿದ್ಧವಾದಾಗ ಉಳಿದವರೆಲ್ಲ ಮೆಚ್ಚಿದರು. ಕೊನೆಗೆ ಮೇರಿಯನ್ ಎಲ್ಲಿ ಹೋದಳು ಎಂದು ಕೇಳಿದವರು ಮಾರ್ಷಿಯಾ. ಇಡೀ ಸಾಹಸದಲ್ಲಿ ಜೊತೆಗಿದ್ದ ನಾಯಕಿ ಕೊನೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಆಮೇಲೆ ಆಕೆ ಮೆಟ್ಟಿಲ ಬಳಿ ನಾಯಕನಿಗಾಗಿ ಕಾಯುವ ದೃಶ್ಯವನ್ನು ಹೊಸದಾಗಿ ಚಿತ್ರೀಕರಿಸಿ ಸೇರಿಸಿದರು.

1983ರ ಮೇ ತಿಂಗಳಲ್ಲಿ ‘ರಿಟರ್ನ್ ಆಫ್ ದಿ ಜೆಡೈ’ ತೆರೆಕಂಡಿತು. ಅದರ ಸಂಕಲನದಲ್ಲೂ ಮಾರ್ಷಿಯಾ ಹೆಸರಿದೆ. ಮರುತಿಂಗಳೇ ಇಬ್ಬರೂ ಬೇರೆಯಾಗುವ ಸುದ್ದಿ ಹೊರಬಿತ್ತು. ಮದುವೆ ಮುರಿದದ್ದಕ್ಕೆ ಸಿನಿಮಾ ಅಭಿರುಚಿ ಕಾರಣ ಎಂದು ನಾವು ಹೇಳುತ್ತಿಲ್ಲ, ಅದು ಅವರ ಸ್ವಂತ ಸಂಗತಿ. ಆದರೆ ಮನೆಯ ಡೆಸ್ಕು ಅಂದಿಗೆ ಖಾಲಿಯಾಯಿತು. ಸ್ಟಾರ್ ವಾರ್ಸ್ ಎಂದರೆ ಒಬ್ಬರದೇ ಹೆಸರು ಜನರ ಬಾಯಲ್ಲಿ ಉಳಿಯಿತು.

ಜಾರ್ಜ್ ಮತ್ತೆ ನಿರ್ದೇಶನಕ್ಕೆ ಮರಳಿದ್ದು 22 ವರ್ಷಗಳ ಬಳಿಕ, 1999ರ ‘ದಿ ಫ್ಯಾಂಟಮ್ ಮೆನಸ್’ ಮೂಲಕ. 90 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಚಿತ್ರ ಅದು. ಹಳೆಯ ಅಭಿಮಾನಿಗಳಲ್ಲಿ ಅನೇಕರಿಗೆ ನಿರಾಸೆಯಾಯಿತು. ನಿರ್ಮಾಪಕ ಹೊವರ್ಡ್ ಕಜಾಂಜಿಯನ್ ಅವರ ಬಗ್ಗೆ 2021ರಲ್ಲಿ ಬಂದ ಪುಸ್ತಕದಲ್ಲಿ ಮಾರ್ಷಿಯಾ ಆ ಸಿನಿಮಾ ನೋಡಿದ ನೆನಪು ಹೇಳಿಕೊಂಡಿದ್ದಾರೆ. ನೋಡಿ ಹೊರಬಂದು, ಕಾರಿನಲ್ಲಿ ಕೂತು ಅತ್ತರಂತೆ. ಸಿನಿಮಾ ಚೆನ್ನಾಗಿಲ್ಲವಲ್ಲ, ಅಷ್ಟು ಸಮೃದ್ಧವಾದ ಕತೆಯ ಗಣಿ ಕೈಯಲ್ಲಿದ್ದೂ ಹೀಗಾಯಿತಲ್ಲ ಎಂಬ ಸಂಕಟಕ್ಕೆ. 1977ರಲ್ಲಿ ಅತ್ತಾಗ ಸಿನಿಮಾ ಇನ್ನೂ ಮುಗಿದಿರಲಿಲ್ಲ, ತಿದ್ದಲು ಸಮಯವಿತ್ತು. 1999ರಲ್ಲಿ ಅತ್ತಾಗ ಅವರು ಟಿಕೆಟ್ ಸಾಲಿನಲ್ಲಿ ನಿಂತ ಉಳಿದವರಂತೆಯೇ ಬರೀ ಪ್ರೇಕ್ಷಕಿ.

ಇತ್ತೀಚೆಗೆ ‘ಸ್ಟಾರ್ ವಾರ್ಸನ್ನು ಉಳಿಸಿದ್ದೇ ಹೆಂಡತಿ’ ಎಂಬ ಮಾತು ಬಹಳ ಓಡಾಡುತ್ತಿದೆ. ಅದನ್ನು ಹಾಗೇ ನುಂಗುವುದೂ ಸರಿಯಲ್ಲ. ಎಡಿಟರ್‌ಗಳು ಮೂವರಿದ್ದರು. ಜಾನ್ ವಿಲಿಯಮ್ಸ್ ಸಂಗೀತವಿತ್ತು. ಹಗಲುರಾತ್ರಿ ದುಡಿದ ಗ್ರಾಫಿಕ್ಸ್ ತಂಡವಿತ್ತು. ಎಲ್ಲಕ್ಕಿಂತ ಮೊದಲು, ಯಾರೂ ನಂಬದ ಕತೆಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದ ಜಾರ್ಜ್ ಇದ್ದರು. ಒಬ್ಬರನ್ನು ಮೇಲಕ್ಕೆತ್ತಲು ಇನ್ನೊಬ್ಬರನ್ನು ಕೆಳಗಿಳಿಸಿದರೆ ಇತಿಹಾಸ ಮತ್ತೆ ಒಂಟಿ ಕಾಲಿನಲ್ಲೇ ನಿಲ್ಲುತ್ತದೆ. ನಮಗೆ ಕಾಣುವುದು ಇಷ್ಟು: ಗಂಡ ಲೋಕ ಕಟ್ಟಿದರು, ಆ ಲೋಕದಲ್ಲಿ ಮನುಷ್ಯರಿದ್ದಾರೆಯೇ ಎಂದು ಹೆಂಡತಿ ಕೇಳಿದರು. ಎರಡೂ ಬೇಕಿತ್ತು.

ನಮ್ಮಲ್ಲಿ ಸಿನಿಮಾ ವಿಮರ್ಶೆ ಎಂದರೆ ಗಳಿಕೆಯ ಲೆಕ್ಕ, ಇಲ್ಲವೇ ನಾಯಕನ ಅಭಿಮಾನಿಗಳ ಘೋಷಣೆ. ಥಿಯೇಟರಿನ ಹೊರಗೆ ಮೈಕು ಹಿಡಿದು ‘ಹೇಗಿದೆ’ ಎಂದು ಕೇಳುವವರು ಗಂಡಸರ ಗುಂಪಿನ ಮುಂದೆಯೇ ನಿಲ್ಲುತ್ತಾರೆ. ಪಕ್ಕದಲ್ಲೇ ಮಗುವನ್ನು ಎತ್ತಿಕೊಂಡು ಹೊರಬರುವ ಹೆಂಗಸಿಗೆ ಆ ಮೈಕು ತಲುಪುವುದು ಅಪರೂಪ. ಅವಳಿಗೂ ಅಭಿಪ್ರಾಯವಿದೆ, ಕಾರಣವೂ ಇದೆ. ಮುಂದಿನ ಸಲ ನಾವು ಮೈಕು ಹಿಡಿದಾಗ ಅವಳನ್ನು ಮೊದಲು ಕೇಳೋಣ. ಅವಳು ‘ಚೆನ್ನಾಗಿಲ್ಲ’ ಎಂದರೆ ಅಲ್ಲಿಗೇ ಬಿಡದೆ ‘ಯಾಕೆ’ ಎಂದೂ ಕೇಳೋಣ.