ಮುಂಬಯಿಯ ಮೂರು ಚುನಾವಣೆಗಳು: ಭಾಷೆ, ಲಿಂಗ ಮತ್ತು ಮತದಾರ

ಮುಂಬಯಿ ಕನ್ನಡಿಗರ ಇತಿಹಾಸವನ್ನು ಕುರಿತು ಬರೆಯುವವರಿಗೆ ಸಂಘಸಂಸ್ಥೆಗಳು, ರಾತ್ರಿಶಾಲೆಗಳು, ಹೋಟೆಲು ಉದ್ಯಮ, ಯಕ್ಷಗಾನ ಮಂಡಳಿಗಳು, ಕತೆ ಕಾದಂಬರಿಗಳು ಹೇರಳವಾದ ಸಾಮಗ್ರಿಯನ್ನು ಒದಗಿಸುತ್ತವೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವುಗಳ ಚರಿತ್ರೆ ಪರಿಚಿತವಾದುದೇ. ಆದರೆ ಇದೇ ಜನ ಮತದಾರರಾಗಿ ಎಲ್ಲಿ ನಿಂತರು, ನಗರದ ರಾಜಕಾರಣ ಅವರನ್ನು ಯಾವ ಹೆಸರಿನಿಂದ ಗುರುತಿಸಿತು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ‘ದಾಕ್ಷಿಣಾತ್ಯರ ಮತ’, ‘ಮಹಿಳೆಯರ ಮತ’ ಎಂಬ ಮಾತುಗಳು ತೂಗಿ ಕಟ್ಟಿಟ್ಟ ಮೂಟೆಗಳಂತೆ ಬಳಕೆಯಾಗುವುದುಂಟು. ಅಂಥ ಸಿದ್ಧ ಮೂಟೆಗಳು ಮುಂಬಯಿಯಲ್ಲಿ ಇರಲಿಲ್ಲವೆಂದೂ, ಎದುರಾಳಿ ಯಾರು, ಜನರ ನೆನಪಿನಲ್ಲಿ ಯಾವ ಗಾಯ ಹಸಿಯಾಗಿದೆ, ಚಾಳು ಬೀದಿಗಳಲ್ಲಿ ದುಡಿದವರು ಯಾರು ಎಂಬುದಕ್ಕನುಸಾರವಾಗಿ ಭಾಷೆ ಮತ್ತು ಲಿಂಗಗಳ ಅರ್ಥ ಬದಲಾಗುತ್ತ ಹೋಯಿತೆಂದೂ 1967ರಿಂದ 1970ರವರೆಗಿನ ಮೂರು ಚುನಾವಣೆಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2008ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿತನಕ್ಕಾಗಿ ಬರಾಕ್ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ಸ್ಪರ್ಧಿಸಿದಾಗ, ವರ್ಣ ಹಾಗೂ ಲಿಂಗ ಇವೆರಡರಲ್ಲಿ ಮತದಾರನ ಮೇಲೆ ಯಾವುದರ ಪ್ರಭಾವ ಹೆಚ್ಚು ಎಂಬ ಚರ್ಚೆ ವ್ಯಾಪಕವಾಗಿ ನಡೆಯಿತು. ಮುಂಬಯಿ ಇಂಥದೇ ಪ್ರಶ್ನೆಯನ್ನು ನಾಲ್ಕು ದಶಕಗಳ ಮೊದಲೇ ಎದುರಿಸಿತ್ತು. ವರ್ಣದ ಸ್ಥಾನದಲ್ಲಿ ಇಲ್ಲಿ ಭಾಷೆ ಮತ್ತು ಪ್ರಾಂತಗಳಿದ್ದವು.

ವಿಧಾನದ ಬಗ್ಗೆ ಒಂದು ಮಾತು. ಮತದಾನ ಗುಪ್ತವಾದುದು, ಎಣಿಕೆಯ ಪಟ್ಟಿಯಲ್ಲಿ ಮತದಾರನ ಮನೆಮಾತು ದಾಖಲಾಗುವುದಿಲ್ಲ. ಆದುದರಿಂದ ಒಂದೇ ಫಲಿತಾಂಶವನ್ನು ಹಿಡಿದು ಕಾರಣ ಹೇಳಹೊರಡುವುದು ಅಪಾಯಕರ. ಪ್ರಾಚೀನ ಕಾವ್ಯದ ಸಂಪಾದನೆಯಲ್ಲಿ ನಾವು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪಾಠ ಎಲ್ಲಿ ಭಿನ್ನವಾಗುತ್ತದೆ ಎಂಬುದನ್ನು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇವೆ.

1

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಸ್ಥಾಪನೆಯಾಯಿತು. ಮುಂಬಯಿ ಅದರ ರಾಜಧಾನಿಯಾದರೂ, 1961ರ ಜನಗಣತಿಯಂತೆ ಬೃಹನ್ಮುಂಬಯಿಯಲ್ಲಿ ಮರಾಠಿ ಭಾಷಿಕರ ಪ್ರಮಾಣ ಪ್ರತಿಶತ 43ರಷ್ಟೇ ಇತ್ತು. ದಕ್ಷಿಣದ ನಾಲ್ಕು ಭಾಷೆಗಳವರನ್ನು ಒಟ್ಟುಗೂಡಿಸಿದರೂ ಜನಸಂಖ್ಯೆಯ ಹತ್ತನೆಯ ಒಂದು ಪಾಲು ಆಗುತ್ತಿರಲಿಲ್ಲ. ಹಾಗಿದ್ದೂ, 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರುಗಳನ್ನು ಪಟ್ಟಿಮಾಡಿ ಪ್ರಕಟಿಸಿತು. 1966ರ ಜೂನ್ 19ರಂದು ಬಾಳ್ ಠಾಕ್ರೆಯವರ ನೇತೃತ್ವದಲ್ಲಿ ಶಿವಸೇನೆ ಹುಟ್ಟಿಕೊಂಡಿತು. ಅದೇ ವರ್ಷ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ನಡೆದ ಸಭೆಯ ಬಳಿಕ ಉಡುಪಿ ಹೋಟೆಲುಗಳು ಕಲ್ಲೇಟಿಗೆ ಗುರಿಯಾದವು.

ಈ ಆಂದೋಲನ ‘ಮದ್ರಾಸಿ’ ಎಂದು ಕರೆದ ವ್ಯಕ್ತಿ ಯಾರು? ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆದ್ದರಿಂದ ಉಡುಪಿ, ಕುಂದಾಪುರಗಳಿಂದ ಬಂದವರಿಗೆ ಆ ಹೆಸರು ಆಡಳಿತದ ದೃಷ್ಟಿಯಿಂದ ಹಿಂದೊಮ್ಮೆ ಒಪ್ಪುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳ ಸ್ಥಿತಿ ಬೇರೆ. ಈ ಜಿಲ್ಲೆಗಳು ಅದೇ ದಿನದವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಬಂದ ಕಾರಕೂನನೂ ಕಲ್ಲು ಕೆಲಸದವನೂ ಪರಸ್ಥಳಕ್ಕೆ ಬಂದವರಲ್ಲ, ತಮ್ಮದೇ ರಾಜಧಾನಿಗೆ ಬಂದವರು. ಎರಡು ಭಿನ್ನ ಇತಿಹಾಸಗಳ ಕನ್ನಡಿಗರನ್ನು ಒಂದೇ ‘ಹೊರಗಿನವ’ನನ್ನಾಗಿಸಿದ್ದು 1960ರ ದಶಕದ ರಾಜಕಾರಣ.

2

1967ರ ಫೆಬ್ರವರಿಯ ಲೋಕಸಭಾ ಚುನಾವಣೆ ಈ ಹಿನ್ನೆಲೆಯಲ್ಲಿ ನಡೆಯಿತು. ಮುಂಬಯಿ ಈಶಾನ್ಯ ಕ್ಷೇತ್ರದಲ್ಲಿ ವಿ.ಕೆ. ಕೃಷ್ಣ ಮೆನನ್ ಸ್ವತಂತ್ರ ಅಭ್ಯರ್ಥಿ. ಕೇರಳದವರಾದ ಮೆನನ್ 1957ರಲ್ಲಿ ಉತ್ತರ ಮುಂಬಯಿಯಿಂದ ಗೆದ್ದಿದ್ದರು. 1962ರಲ್ಲಿ ಅದೇ ಕ್ಷೇತ್ರದಲ್ಲಿ ಆಚಾರ್ಯ ಕೃಪಲಾನಿಯವರನ್ನು ಭಾರಿ ಅಂತರದಿಂದ ಸೋಲಿಸಿದ್ದರು. ಆ ಸಲ ಇಬ್ಬರಲ್ಲಿ ಯಾರೂ ಮರಾಠಿಗರಾಗಿರಲಿಲ್ಲ ಎಂಬುದು ಗಮನಾರ್ಹ. ಅಂದು ವಾದದ ವಿಷಯ ಚೀನಾ ಮತ್ತು ರಕ್ಷಣಾ ನೀತಿ. ಐದೇ ವರ್ಷಗಳಲ್ಲಿ ಸನ್ನಿವೇಶ ಬದಲಾಯಿತು. ಕಾಂಗ್ರೆಸ್ ಟಿಕೆಟ್ಟು ನಿರಾಕರಿಸಿದ್ದರಿಂದ ಮೆನನ್ ಪಕ್ಷದಿಂದ ಹೊರಬಂದಿದ್ದರು. ಎದುರಿಗೆ ಕಾಂಗ್ರೆಸ್ಸಿನ ಎಸ್.ಜಿ. ಬರ್ವೆ ಎಂಬ ಮರಾಠಿಗ, ದಕ್ಷತೆಗೆ ಹೆಸರಾದ ಮಾಜಿ ಐ.ಸಿ.ಎಸ್. ಅಧಿಕಾರಿ. ಶಿವಸೇನೆ ಬರ್ವೆಯವರ ಪರವಾಗಿ ಇಳಿದು, ಮೆನನ್ ದಾಕ್ಷಿಣಾತ್ಯರು ಮತ್ತು ಕಮ್ಯುನಿಸ್ಟರ ಒಡನಾಡಿ ಎಂಬ ಎರಡು ಆರೋಪಗಳನ್ನು ಜೊತೆಜೊತೆಯಾಗಿ ಹೊರಿಸಿತು. ಮೆನನ್ ಸುಮಾರು 13 ಸಾವಿರ ಮತಗಳಿಂದ ಸೋತರು.

ಇದೊಂದನ್ನೇ ನೋಡಿದರೆ, ಭಾಷೆಯೇ ನಿರ್ಣಾಯಕವಾಯಿತು ಎಂದು ಹೇಳಿಬಿಡಬಹುದು. ಆದರೆ ಅದೇ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಗೆದ್ದರು. ಸೋತವರು ಎಸ್.ಕೆ. ಪಾಟೀಲ್: ಕೊಂಕಣದ ಮರಾಠಿಗರು, ಮುಂಬಯಿಯ ಮಾಜಿ ಮೇಯರ್, ಕೇಂದ್ರ ಮಂತ್ರಿ, ನಗರದ ಕಾಂಗ್ರೆಸ್ಸಿನ ಒಡೆಯರೆಂದೇ ಪ್ರಸಿದ್ಧರು. ಭಾಷೆಯೂ ಧರ್ಮವೂ ಅಲ್ಪಸಂಖ್ಯಾತವಾದ ಅಭ್ಯರ್ಥಿ, ಮರಾಠಿ ಧುರೀಣನನ್ನು ಮುಂಬಯಿಯಲ್ಲಿ ಸೋಲಿಸಿದ್ದು ಹೇಗೆ?

ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ನೆನಪು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಪಾಟೀಲರು ಮುಂಬಯಿ ಮಹಾರಾಷ್ಟ್ರಕ್ಕೆ ಸೇರುವುದನ್ನು ವಿರೋಧಿಸಿದ್ದರು. ನೂರಕ್ಕೂ ಹೆಚ್ಚು ಜನ ಪ್ರಾಣತೆತ್ತ ಆ ಚಳವಳಿಯನ್ನು ಗಿರಗಾಂವದ ಮರಾಠಿ ಮತದಾರ ಮರೆತಿರಲಿಲ್ಲ. ಅವನ ಪಾಲಿಗೆ ಪಾಟೀಲರು ಭಾಷೆಯಿಂದ ಒಳಗಿನವರಾದರೂ ನಡತೆಯಿಂದ ಹೊರಗಿನವರು. ಎರಡನೆಯದು ಕೆಲಸ. 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದ ಫರ್ನಾಂಡಿಸ್ ಟ್ಯಾಕ್ಸಿ ಚಾಲಕರು, ನಗರಪಾಲಿಕೆಯ ನೌಕರರು, ಹೋಟೆಲು ಕಾರ್ಮಿಕರು ಮೊದಲಾದವರ ಸಂಘಟನೆಯಲ್ಲಿ ತೊಡಗಿ, 1961ರಲ್ಲಿ ನಗರಪಾಲಿಕೆಗೆ ಆಯ್ಕೆಯಾಗಿದ್ದರು. ಅವರ ಪ್ರಚಾರ ಮತದಾರನಿಗೆ ಹೇಳಿದ್ದು, ಪಾಟೀಲರನ್ನೂ ಸೋಲಿಸಲು ಸಾಧ್ಯ ಎಂಬ ಒಂದೇ ಮಾತನ್ನು. ಮೆನನ್ನರಿಗೆ ದೇಶವ್ಯಾಪಿ ಖ್ಯಾತಿಯಿತ್ತು, ಬೀದಿಯಲ್ಲಿ ಈ ಬಗೆಯ ಬೇರು ಇರಲಿಲ್ಲ.

ಹೀಗೆಂದು ಕೆಲಸವೇ ಸದಾ ಗೆಲ್ಲುತ್ತದೆ ಎಂದೂ ಹೇಳಲಾಗದು. 1971ರಲ್ಲಿ ಫರ್ನಾಂಡಿಸ್ ಇದೇ ದಕ್ಷಿಣ ಮುಂಬಯಿಯಲ್ಲಿ ಸೋತರು. ಅದು ಇಂದಿರಾ ಗಾಂಧಿಯವರ ಅಲೆಯ ವರ್ಷ. ಮೆನನ್ ಕೂಡ 1969ರ ಉಪಚುನಾವಣೆಯಲ್ಲಿ ಬಂಗಾಲದ ಮೇದಿನಿಪುರದಿಂದ ಗೆದ್ದರು. ಅಲ್ಲಿಯ ಮತದಾರರಿಗೂ ಅವರ ಮನೆಮಾತು ಪರಭಾಷೆಯೇ ಆಗಿತ್ತು.

3

ಬರ್ವೆಯವರು ಗೆದ್ದ ಕೆಲವೇ ದಿನಗಳಲ್ಲಿ ನಿಧನರಾದರು. 1967ರಲ್ಲೇ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ ಅವರ ಸೋದರಿ ತಾರಾ ಸಪ್ರೆಯವರನ್ನು ನಿಲ್ಲಿಸಿತು. ಮೆನನ್ ಮತ್ತೆ ಸ್ಪರ್ಧಿಸಿ ಮತ್ತೆ ಸೋತರು. ಹೆಣ್ಣು ಎಂಬ ಅಂಶ ಇಲ್ಲಿ ಬಾಧಕವಾಗಲಿಲ್ಲ. ಅಗಲಿದ ಅಣ್ಣ ತಮ್ಮಂದಿರ ಸ್ಥಾನವನ್ನು ತುಂಬುವ ಸೋದರಿ ಎಂಬ ರೂಪದಲ್ಲಿ ಅದು ಪೋಷಕವೇ ಆಗಿರಬೇಕು. ಆದರೆ ಅದು ಮೊದಲೇ ಎಳೆದಿದ್ದ ಭಾಷೆಯ ಗೆರೆಯ ಒಳಬದಿಯಲ್ಲಿ ನಿಂತು ಕೆಲಸ ಮಾಡಿತು.

ಮೂರನೆಯ ಪ್ರಸಂಗ ಈ ಮಾತನ್ನು ಇನ್ನೊಂದು ಬದಿಯಿಂದ ಪರೀಕ್ಷಿಸುತ್ತದೆ. 1970ರ ಜೂನ್ 5ರಂದು ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿಯವರ ಕೊಲೆಯಾಯಿತು. ಅಕ್ಟೋಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಸರೋಜಿನಿ ದೇಸಾಯಿಯವರೂ ಶಿವಸೇನೆಯ ವಾಮನರಾವ್ ಮಹಾಡಿಕರೂ ಎದುರಾದರು. ಇಬ್ಬರೂ ಮರಾಠಿಗರು; ಭಾಷೆಯ ಗೆರೆ ಇಲ್ಲವಾಯಿತು. ಕೊಲೆಯಾದವನ ವಿಧವೆ ಎಂಬ ಅನುಕಂಪ ಗಿರಣಿ ಕಾರ್ಮಿಕರ ಬಡಾವಣೆಯಲ್ಲಿ ಸಹಜವಾಗಿ ನಿರೀಕ್ಷಿತವಾದುದು. ಆದರೂ ಮಹಾಡಿಕ್ ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಗೆದ್ದು, ಶಿವಸೇನೆಯ ಮೊದಲ ಶಾಸಕರಾದರು. ಸೋದರಿ ಗೆದ್ದಳು, ವಿಧವೆ ಸೋತಳು. ಶೋಕದ ಸಂಬಂಧ ತಾನಾಗಿ ಮತ ತರಲಿಲ್ಲ. 1968ರ ನಗರಪಾಲಿಕೆ ಚುನಾವಣೆಯಲ್ಲಿ 140ರಲ್ಲಿ 42 ಸ್ಥಾನ ಪಡೆದು ಬೇರೂರಿದ್ದ ಸಂಘಟನೆಯ ಎದುರು ಅದು ಸ್ವಲ್ಪದರಲ್ಲಿ ಸಾಲದಾಯಿತು.

ಹೆಣ್ಣು ಸಂಬಂಧದ ಹೆಸರಿನಿಂದಲ್ಲದೆ ತನ್ನ ಹೆಸರಿನಿಂದಲೇ ಮತ ಪಡೆದ ನಿದರ್ಶನವೂ ಮುಂಬಯಿಯಲ್ಲಿದೆ. ಗೋರೆಗಾಂವದ ಮೃಣಾಲ್ ಗೋರೆ 1961ರಲ್ಲಿ ನಗರಪಾಲಿಕೆಗೆ, 1972ರಲ್ಲಿ ವಿಧಾನಸಭೆಗೆ, 1977ರಲ್ಲಿ ಉತ್ತರ ಮುಂಬಯಿಯಿಂದ ಲೋಕಸಭೆಗೆ ಆಯ್ಕೆಯಾದರು. ಉಪನಗರದ ಕುಡಿಯುವ ನೀರಿಗಾಗಿ ಹೋರಾಡಿದ ಅವರನ್ನು ಜನ ‘ಪಾನೀವಾಲೀ ಬಾಯಿ’ ಎಂದರು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು ಮರಾಠಿ, ಗುಜರಾತಿ, ತಮಿಳು, ಕನ್ನಡ ಎಲ್ಲ ಮನೆಗಳ ಹೆಂಗಸರು. ಅಲ್ಲಿ ಲಿಂಗ ಭಾಷೆಯ ಗೆರೆಯನ್ನು ದಾಟಿತು.

4

ಇನ್ನು ಮತಪಟ್ಟಿಯ ಪ್ರಶ್ನೆ. 1961ರಲ್ಲಿ ಬೃಹನ್ಮುಂಬಯಿಯಲ್ಲಿ ಸಾವಿರ ಗಂಡಸರಿಗೆ 663 ಹೆಂಗಸರಿದ್ದರು. ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅಂಗಡಿಯ ಮೆಟ್ಟಿಲ ಮೇಲೆ ಮಲಗುತ್ತಿದ್ದ ಕರಾವಳಿಯ ಹುಡುಗರಲ್ಲಿ ಬಹಳ ಮಂದಿಗೆ ಮತದಾನದ ವಯಸ್ಸೇ ಆಗಿರಲಿಲ್ಲ. 61ನೆಯ ತಿದ್ದುಪಡಿ 1989ರಲ್ಲಿ ಜಾರಿಗೆ ಬರುವವರೆಗೆ ಆ ವಯಸ್ಸು 21. ಅವರ ತಾಯಂದಿರು, ಹೆಂಡಂದಿರು ಊರಲ್ಲಿದ್ದು, ಮನಿಯಾರ್ಡರಿನ ದಾರಿ ಕಾಯುತ್ತ ಅಲ್ಲಿಯೇ ಮತ ಹಾಕುತ್ತಿದ್ದರು. ಹೀಗೆ ಮುಂಬಯಿಯ ಕನ್ನಡ ಕುಟುಂಬ ಎರಡು ರಾಜ್ಯಗಳ ಮತಪಟ್ಟಿಗಳಲ್ಲಿ ಹಂಚಿಹೋಗಿತ್ತು. ಕಲ್ಲೇಟು ತಿನ್ನುವಾಗ ಇದ್ದವರೆಲ್ಲ ಮತ ಎಣಿಸುವಾಗ ಇರಲಿಲ್ಲ. ಮತದಾರನ ಆಯ್ಕೆಯನ್ನು ವಿಚಾರಿಸುವ ಮೊದಲು, ಮತದಾರನಾಗಲು ಯಾರಿಗೆ ಸಾಧ್ಯವಾಯಿತು ಎಂದು ವಿಚಾರಿಸುವುದು ಅವಶ್ಯ.

5

ಮುಂದಿನ ಕಾಲದ ಒಂದು ಚುನಾವಣೆಯನ್ನು ಇವುಗಳ ಪಕ್ಕದಲ್ಲಿಡಬಹುದು. 2019ರಲ್ಲಿ ಉತ್ತರ ಮುಂಬಯಿಯಲ್ಲಿ ಭಾರತೀಯ ಜನತಾ ಪಕ್ಷದ ಗೋಪಾಲ ಶೆಟ್ಟಿ, ಕಾಂಗ್ರೆಸ್ಸಿನ ಅಭ್ಯರ್ಥಿ, ಮರಾಠಿ ನಟಿ ಊರ್ಮಿಳಾ ಮಾತೋಂಡ್ಕರರನ್ನು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಶಿವಸೇನೆ ಆಗ ಭಾಜಪದ ಮಿತ್ರಪಕ್ಷ. ಕ್ಷೇತ್ರದ ಗಡಿಗಳು ಈ ನಡುವೆ ಬದಲಾಗಿವೆ. ನೇರ ಹೋಲಿಕೆ ಸಲ್ಲದು. ಆದರೂ, 1967ರಲ್ಲಿ ದಕ್ಷಿಣದ ಅಭ್ಯರ್ಥಿಯ ವಿರುದ್ಧ ಮರಾಠಿ ಹೆಣ್ಣುಮಗಳ ಬದಿಗೆ ನಿಂತ ಪಕ್ಷ, 2019ರಲ್ಲಿ ಮರಾಠಿ ಹೆಣ್ಣುಮಗಳ ವಿರುದ್ಧ ಶೆಟ್ಟರ ಬದಿಗೆ ನಿಂತಿತ್ತು. ಈ ನಡುವಿನ ವರ್ಷಗಳಲ್ಲಿ ‘ಹೊರಗಿನವ’ ಎಂಬ ಬೆರಳು ದಕ್ಷಿಣದವರಿಂದ ಸರಿದು ಮುಸಲ್ಮಾನರತ್ತ, ಉತ್ತರ ಭಾರತದ ಕೂಲಿಗಾರರತ್ತ ತಿರುಗಿತ್ತು.

ಈ ಸ್ಥಳಾಂತರದಲ್ಲಿ ನಮ್ಮವರ ಪಾತ್ರವನ್ನೂ ಮುಚ್ಚುಮರೆಯಿಲ್ಲದೆ ನೋಡಬೇಕಾಗುತ್ತದೆ. ಒಂದು ಕಾಲಕ್ಕೆ ಬೆರಳಿಗೆ ಗುರಿಯಾದ ಸಮುದಾಯ, ಅದು ಬೇರೆಡೆಗೆ ತಿರುಗಿದಾಗ ನಿಟ್ಟುಸಿರು ಬಿಟ್ಟದ್ದು ಸಹಜ. ತೋರಿಸುವವರ ಸಾಲಿನಲ್ಲಿ ಸೇರಿಕೊಂಡವರೂ ನಮ್ಮಲ್ಲಿದ್ದಾರೆ. ಸಂಸ್ಥೆಗಳ ಸ್ಮರಣ ಸಂಚಿಕೆಗಳು ಸಾಧನೆಯನ್ನು ದಾಖಲಿಸಿದಷ್ಟು ನಿಷ್ಠೆಯಿಂದ ಇದನ್ನು ದಾಖಲಿಸಿಲ್ಲ.

ಹೊರನಾಡಿನ ಸಂಶೋಧಕರಲ್ಲಿ ನಮ್ಮ ವಿನಂತಿ ಇಷ್ಟೆ. ಮುಂಬಯಿ ಕನ್ನಡಿಗರ ರಾಜಕೀಯ ಇತಿಹಾಸವನ್ನು ಫಲಿತಾಂಶದ ಅಂಕಿಗಳಿಂದ ಹಿಂದಕ್ಕೆ ಓದುವುದರ ಬದಲು ಮತಪಟ್ಟಿ, ಕಾರ್ಮಿಕ ಸಂಘಗಳ ದಾಖಲೆ, ಸಂಘಸಂಸ್ಥೆಗಳ ನಡಾವಳಿ ಪುಸ್ತಕ ಇವುಗಳಿಂದ ಮುಂದಕ್ಕೆ ಓದಬೇಕು. 1967ರಲ್ಲಿ ಮತ ಹಾಕಿದ ತಲೆಮಾರಿನವರಲ್ಲಿ ಈಗ ಉಳಿದಿರುವವರು ಎಂಬತ್ತರ ಹರೆಯವನ್ನು ದಾಟಿದ್ದಾರೆ. ಅವರ ಹೇಳಿಕೆಗಳನ್ನು, ವಿಶೇಷವಾಗಿ ಹೆಂಗಸರ ಹೇಳಿಕೆಗಳನ್ನು, ಬರೆದಿಟ್ಟುಕೊಳ್ಳುವ ಕೆಲಸ ತಡಮಾಡದೆ ಆಗಬೇಕಾಗಿದೆ.